ಹಗ್ಗ ಹಾಕಿದ ಬೆಕ್ಕು

ಮನುಷ್ಯನ ಆಶ್ರಯದಲ್ಲಿ ಬಾಳುವ ನಾಲ್ಕು ಕಾಲಿನ ಪ್ರಾಣಿಗಳನ್ನು ಒಮ್ಮೆ ನೆನೆದು ನೋಡಿರಿ. ಹಸುವಿಗೆ ಕಣ್ಣಿಯುಂಟು, ಎತ್ತಿಗೆ ಮೂಗುದಾರವುಂಟು, ಕುದುರೆಗೆ ಕಡಿವಾಣವುಂಟು, ನಾಯಿಗೆ ಸರಪಳಿಯುಂಟು. ಬೆಕ್ಕಿಗೆ ಮಾತ್ರ ಇಂಥ ಸಾಧನವೊಂದನ್ನು ನಮ್ಮ ಹಿರಿಯರು ಮಾಡಲಿಲ್ಲ. ಹಾಲು ಕುಡಿದು, ಇಲಿ ಹಿಡಿದು, ಮನಸ್ಸು ಬಂದಾಗ ಅಟ್ಟದ ಮೇಲೆ, ಮನಸ್ಸು ಬಂದಾಗ ನೆರೆಮನೆಯ ಹಿತ್ತಿಲಲ್ಲಿ ಇದ್ದುಬಿಡುವುದು ಅದರ ಪದ್ಧತಿ. ಮೇಲಿಂದ ಮೇಲೆ ಮನೆ ಬದಲಾಯಿಸುವವರ ಸಂಸಾರವನ್ನು 'ಬೆಕ್ಕಿನ ಬಿಡಾರ' ಎಂದು ಕರೆಯುವುದು ವಾಡಿಕೆಯಷ್ಟೆ.

ಈಗ ಕಾಲ ಬದಲಾಗಿದೆ. ಬೆಂಗಳೂರಿನ ಹಳೆಯ ಮದರಾಸು ರಸ್ತೆಯಲ್ಲಿ ಬೂದಿಗೆರೆ ಕ್ರಾಸ್ ಎಂಬಲ್ಲಿ ಉತ್ತರಕ್ಕೆ ತಿರುಗಿದರೆ ಮಂಡೂರಿನ ಮೇಲೆ ಹಾದು ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯನ್ನು ಸೇರಬಹುದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಪ್ರಾರಂಭವಾದ ಮೇಲೆ ಈ ರಸ್ತೆಗೆ ಬಿಡುವಿಲ್ಲದ ಓಡಾಟ ಬಂದಿತು. ರಾಗಿ ಹೊಲಗಳೂ ದ್ರಾಕ್ಷಿ ತೋಟಗಳೂ ಇದ್ದ ಕಡೆ ಹಲವು ಅಂತಸ್ತುಗಳ ವಸತಿಗೃಹಗಳು ತಲೆಯೆತ್ತಿದವು. ಅಂಥ ಮನೆಗಳಲ್ಲಿ ಬೆಕ್ಕಿಗೆ ಅಟ್ಟವೂ ಇಲ್ಲ, ಹಿತ್ತಿಲೂ ಇಲ್ಲ. ದಿನವೆಲ್ಲ ಗಾಜಿನ ಕಿಟಕಿಯ ಬಳಿ ಕುಳಿತು ಪಾರಿವಾಳಗಳನ್ನು ನೋಡುತ್ತಿರುವ ಬೆಕ್ಕನ್ನು ಕಂಡು ಸಾಕಿದವರಿಗೆ ಮರುಕವುಂಟಾಗುವುದು ಸಹಜ. ಆಗ ಅಂಗಡಿಯಿಂದ ಒಂದು ಪಟ್ಟಿಯನ್ನು ತರುತ್ತಾರೆ. ಹಾರ್ನೆಸ್ ಎಂದು ಕೇಳಿದರೆ ಕೊಡುವ ಈ ವಸ್ತು ಬೆಕ್ಕಿನ ಕೊರಳನ್ನೂ ಎದೆಯನ್ನೂ ಬಳಸಿ ಬೆನ್ನಿನ ಮೇಲೆ ಕೂಡುತ್ತದೆ. ಅಲ್ಲಿರುವ ಉಂಗುರಕ್ಕೆ ಹಗ್ಗವನ್ನು ಸಿಕ್ಕಿಸಬಹುದು. ಇದನ್ನು ನಾವು ಎದೆಪಟ್ಟಿ ಎಂದು ಕರೆಯೋಣ. ಎದೆಪಟ್ಟಿ ತೊಡಿಸಿ, ಹಗ್ಗ ಹಿಡಿದು, ನಾಯಿಯನ್ನು ಕರೆದೊಯ್ಯುವಂತೆ ಬೆಕ್ಕನ್ನು ಸಂಜೆಯ ವಿಹಾರಕ್ಕೆ ಕರೆದೊಯ್ಯುವವರು ಈಚೆಗೆ ಹೆಚ್ಚುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆನು.

ನಮ್ಮ ಮನೆಯ ಬೆಕ್ಕಿನ ಹೆಸರು ಚುಕ್ಕಿ. ತೂಕ ನಾಲ್ಕು ಕಿಲೋಗ್ರಾಂ. ಎಂಟು ವರ್ಷದ ನನ್ನ ಮಗಳ ಒತ್ತಾಯಕ್ಕೆ ಮಣಿದು ಒಂದು ಸಂಜೆ ಅದಕ್ಕೆ ಎದೆಪಟ್ಟಿ ತೊಡಿಸಿ ಕೆಳಗಿಳಿಸಿದೆ. ಐದು ನಿಮಿಷ ಎಲ್ಲವೂ ಚೆನ್ನಾಗಿತ್ತು. ಆ ಹೊತ್ತಿಗೆ ಗೇಟಿನ ಬಳಿ ನೀರಿನ ಟ್ಯಾಂಕರೊಂದು ಬಂದು ನಿಂತಿತು. ಅದರ ಬ್ರೇಕಿನಿಂದ ಗಾಳಿ 'ಬುಸ್' ಎಂದು ಹೊರಬಿದ್ದಿತು. ಚುಕ್ಕಿ ಬಾಣದಂತೆ ಹಾರಿತು. ಹಗ್ಗ ಬಿಗಿಯಿತು; ನಾನು ಗಟ್ಟಿಯಾಗಿ ಹಿಡಿದೆ. ಬೆಕ್ಕು ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ನನ್ನ ಕಡೆಗೆ ಮುಖ ಮಾಡಿ, ಹಿಂದಕ್ಕೆ ಎರಡು ಹೆಜ್ಜೆ ಸರಿಯಿತು. ಮರುಕ್ಷಣದಲ್ಲಿ ನನ್ನ ಕೈಯಲ್ಲಿ ಹಗ್ಗವಿತ್ತು, ಹಗ್ಗದ ತುದಿಯಲ್ಲಿ ಎದೆಪಟ್ಟಿಯಿತ್ತು, ಎದೆಪಟ್ಟಿಯೊಳಗೆ ಬೆಕ್ಕಿರಲಿಲ್ಲ.

ಎರಡು ದಿನ ಹುಡುಕಿದೆವು. ಬೇಲಿಯ ಪಕ್ಕದಲ್ಲಿ ಹಸು ಮೇಯಿಸುತ್ತಿದ್ದ ಅಜ್ಜಿಯೊಬ್ಬರನ್ನು ವಿಚಾರಿಸಿದಾಗ ಅವರು ನನ್ನ ಕೈಯಲ್ಲಿದ್ದ ಪಟ್ಟಿಯನ್ನು ನೋಡಿ, "ಬೆಕ್ಕನ್ನ ಯಾರಾನ ಹಗ್ಗ ಹಾಕಿ ಮೇಯ್ಸಕ್ಕೆ ಹೋಗ್ತಾರಾ ಮೇಷ್ಟ್ರೇ?" ಎಂದರು. ಮೂರನೆಯ ರಾತ್ರಿ, ಹೊಸ ಕಟ್ಟಡಕ್ಕಾಗಿ ಒಟ್ಟಿದ್ದ ಕಲ್ಲುಚಪ್ಪಡಿಗಳ ಸಂದಿನಲ್ಲಿ ಚುಕ್ಕಿಯ ದನಿ ಮಗಳಿಗೆ ಕೇಳಿಸಿತು. ಬೆಕ್ಕು ಬದುಕಿತ್ತು, ಆದರೆ ಮುಂಗಾಲನ್ನು ಊರುತ್ತಿರಲಿಲ್ಲ. ಎದೆಪಟ್ಟಿಯ ಸೆಳೆತಕ್ಕೆ ಹೆಗಲಿನ ಸ್ನಾಯು ನೊಂದಿದೆ ಎಂದು ಪಶುವೈದ್ಯರು ತಿಳಿಸಿದರು. ಮೂರು ವಾರ ಅದು ಕುಂಟಿತು. ಅಷ್ಟರಲ್ಲಿ ಮಗಳು ನನ್ನನ್ನು ಹಲವು ಸಾರಿ ಕೇಳಿದ ಪ್ರಶ್ನೆ ಇದು: "ಅಪ್ಪಾ, ನೀನು ಗಟ್ಟಿಯಾಗಿ ಹಿಡ್ಕೊಂಡಿದ್ಯಲ್ಲ, ಆದ್ರೂ ಹೇಗೆ ಹೋಯ್ತು?"

ಭೌತವಿಜ್ಞಾನವನ್ನು ಬೋಧಿಸುವವನಾದ ನಾನು ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ತಿಳಿದಿರಬೇಕಾಗಿತ್ತು. ತಡವಾಗಿಯಾದರೂ ಅದನ್ನು ಇಲ್ಲಿ ವಿವರಿಸುತ್ತೇನೆ. ಮತ್ತೊಬ್ಬರ ಬೆಕ್ಕಿಗಾದರೂ ಅದರಿಂದ ಉಪಕಾರವಾಗಲಿ.

ನಾಯಿಯ ಹಗ್ಗ, ಬೆಕ್ಕಿನ ಹಗ್ಗ

ನಾಯಿಯೂ ಬೆಕ್ಕೂ ಮನುಷ್ಯನ ಜೊತೆ ಬಾಳುತ್ತಿದ್ದರೂ ಅವುಗಳ ಪೂರ್ವಜರ ಜೀವನಕ್ರಮ ಬೇರೆ ಬೇರೆ. ನಾಯಿಯ ಮೂಲವಾದ ತೋಳ ಗುಂಪಿನಲ್ಲಿ ಬಾಳುವ ಪ್ರಾಣಿ. ಹೆದರಿಕೆಯಾದಾಗ ಗುಂಪಿನ ಬಳಿಗೆ ಓಡುವುದು ಅದರ ಸ್ವಭಾವ. ಇಂದಿನ ನಾಯಿಗೆ ಯಜಮಾನನೇ ಗುಂಪು. ಆದುದರಿಂದ ಗಾಬರಿಗೊಂಡ ನಾಯಿ ಬಹುಮಟ್ಟಿಗೆ ಹಗ್ಗ ಹಿಡಿದವನ ಕಾಲಬುಡಕ್ಕೇ ಬರುತ್ತದೆ. ಹಗ್ಗಕ್ಕೂ ಅದರ ಸ್ವಭಾವಕ್ಕೂ ವಿರೋಧವಿಲ್ಲ.

ಮನೆಯ ಬೆಕ್ಕು ಪಶ್ಚಿಮ ಏಷ್ಯ ಮತ್ತು ಆಫ್ರಿಕಗಳ ಕಾಡುಬೆಕ್ಕಿನ ಸಂತತಿ ಎಂಬುದನ್ನು 2007ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಸಂಶೋಧನೆಗಳು ಸ್ಪಷ್ಟಪಡಿಸಿದವು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಮನುಷ್ಯನ ಸಮಾಧಿಯೊಂದರ ಪಕ್ಕದಲ್ಲಿಯೇ ಹೂತಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತಿದೆ. ಸ್ನೇಹ ಇಷ್ಟು ಹಳೆಯದಾದರೂ ಬೆಕ್ಕಿನ ಮೂಲಸ್ವಭಾವ ಹೆಚ್ಚು ಬದಲಾಗಿಲ್ಲ. ಅದರ ಪೂರ್ವಜ ಒಂಟಿಯಾಗಿ ಬೇಟೆಯಾಡುವ ಸಣ್ಣ ಪ್ರಾಣಿ. ತಾನು ಇಲಿಗೆ ಮೃತ್ಯುವಾದರೂ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಆಹಾರ. ಅದಕ್ಕೆ ಸಹಾಯಕ್ಕೆ ಬರುವ ಗುಂಪಿಲ್ಲ. ಹೀಗಾಗಿ ಅಪಾಯ ಕಂಡಾಗ ಅದಕ್ಕೆ ತಿಳಿದಿರುವ ಉಪಾಯಗಳು ಮೂರು: ಓಡುವುದು, ಎತ್ತರಕ್ಕೆ ಹತ್ತುವುದು, ಸಂದಿನಲ್ಲಿ ಅಡಗುವುದು. ಮೂರೂ ಸಾಧ್ಯವಾಗದಿದ್ದರೆ ಕೊನೆಯದಾಗಿ ಉಗುರು ಮತ್ತು ಹಲ್ಲು.

ಎದೆಪಟ್ಟಿಯ ವಿಷಯದಲ್ಲಿ ನಾವು ತಿಳಿಯಬೇಕಾದ ಮುಖ್ಯ ಸಂಗತಿ ಇದೇ. ಹಗ್ಗ ಅಪಾಯವನ್ನು ದೂರಮಾಡುವುದಿಲ್ಲ. ನಾಯಿ, ವಾಹನ, ಸದ್ದು ಎಲ್ಲವೂ ಇದ್ದ ಕಡೆಯೇ ಇರುತ್ತವೆ. ಹಗ್ಗ ಕಿತ್ತುಕೊಳ್ಳುವುದು ಬೆಕ್ಕಿನ ಆ ಮೂರು ಉಪಾಯಗಳನ್ನು. ಅಂದಮೇಲೆ ಬೆಕ್ಕನ್ನು ಕಾಪಾಡುವ ಪೂರ್ಣ ಹೊಣೆ ಹಗ್ಗ ಹಿಡಿದವನ ಕೈಗೆ ಬಂದಿತು. ಆ ಕೈಗೆ ಈ ಹೊಣೆಯನ್ನು ನಿರ್ವಹಿಸುವಷ್ಟು ವೇಗವುಂಟೆ? ಲೆಕ್ಕ ಹಾಕಿ ನೋಡೋಣ.

ಹಗ್ಗದ ಕೊನೆಯ ಸೆಳೆತ

ಬೆಕ್ಕು ಗಂಟೆಗೆ 18 ಕಿಲೋಮೀಟರು ವೇಗದಿಂದ, ಎಂದರೆ ಸೆಕೆಂಡಿಗೆ 5 ಮೀಟರಿನಂತೆ, ಓಡಿತೆನ್ನೋಣ. ಬೆದರಿದ ಬೆಕ್ಕಿಗೆ ಇದೇನೂ ದೊಡ್ಡ ವೇಗವಲ್ಲ. ಹಗ್ಗದ ಉದ್ದ 2 ಮೀಟರು. ಅದು ಮುಗಿಯುವುದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ. ನಿರೀಕ್ಷಿಸದ ಘಟನೆಯೊಂದು ಕಣ್ಣಿಗೆ ಬಿದ್ದು, ಅದು ಇಂಥದೆಂದು ಮನಸ್ಸಿಗೆ ತಿಳಿದು, ಕೈ ಚಲಿಸುವುದಕ್ಕೆ ಮನುಷ್ಯನಿಗೆ ಅರ್ಧ ಸೆಕೆಂಡಿಗೂ ಮೀರಿ ಕಾಲ ಬೇಕಾಗಬಹುದು. ಆದುದರಿಂದ ನಾವು ಏನನ್ನಾದರೂ ಮಾಡುವುದಕ್ಕೆ ಮೊದಲೇ ಹಗ್ಗ ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ.

ಆ ಕೆಲಸ ಎಂಥದು? ಚಲಿಸುವ ವಸ್ತುವಿನಲ್ಲಿ ಚಲನಶಕ್ತಿ ಇರುತ್ತದೆ. ಅದರ ಪ್ರಮಾಣ, ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಬಂದುದರಲ್ಲಿ ಅರ್ಧ. ನಾಲ್ಕು ಕಿಲೋಗ್ರಾಂ ಬೆಕ್ಕಿನಲ್ಲಿ ಈ ವೇಗಕ್ಕೆ 50 ಜೌಲ್ ಚಲನಶಕ್ತಿ ಇರುತ್ತದೆ. ಬೆಕ್ಕು ನಿಲ್ಲಬೇಕಾದರೆ ಇಷ್ಟನ್ನೂ ಹಗ್ಗವೂ ಎದೆಪಟ್ಟಿಯೂ ಹೀರಿಕೊಳ್ಳಬೇಕು. ಇಲ್ಲಿ ಮುಖ್ಯವಾದುದು ನಿಲ್ಲುವ ದೂರ. ಹಿಗ್ಗದ ಹಗ್ಗವನ್ನು ಕೈ ಅಲುಗದಂತೆ ಹಿಡಿದಿದ್ದರೆ ಪಟ್ಟಿಯೂ ಚರ್ಮವೂ ಕೂಡಿ 5 ಸೆಂಟಿಮೀಟರು ಎಳೆಯಲ್ಪಟ್ಟಾವು. ಆಗ ಬೆಕ್ಕಿನ ಮೈಮೇಲೆ ಬೀಳುವ ಸರಾಸರಿ ಬಲ 1,000 ನ್ಯೂಟನ್. ಸುಮಾರು 100 ಕಿಲೋಗ್ರಾಂ ತೂಕಕ್ಕೆ ಸಮ. ಎಂದರೆ ಬೆಕ್ಕಿನ ತೂಕದ ಇಪ್ಪತ್ತೈದರಷ್ಟು! ಅದು ಒಂದು ಬೆರಳಿನಗಲದ ಪಟ್ಟಿಯ ಮೂಲಕ ಎದೆ ಮತ್ತು ಕಂಕುಳುಗಳ ಮೇಲೆ ಬೀಳುತ್ತದೆ. ಚುಕ್ಕಿ ಕುಂಟಿದ್ದರಲ್ಲಿ ಸೋಜಿಗವೇನಿದೆ? ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಮರೆಯಬಾರದು.

ಇನ್ನು ಹಗ್ಗವನ್ನು ಹಿಡಿದವನು ತೋಳನ್ನು ಮುಂದಕ್ಕೆ ಬಿಟ್ಟು, ಎರಡು ಹೆಜ್ಜೆ ಬೆಕ್ಕಿನ ಹಿಂದೆಯೇ ಹೋಗಿ, 50 ಸೆಂಟಿಮೀಟರು ದೂರದಲ್ಲಿ ಅದನ್ನು ನಿಲ್ಲಿಸಿದನೆನ್ನೋಣ. ದೂರ ಹತ್ತರಷ್ಟಾಯಿತು, ಬಲ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು. ಬಾವಿಯಲ್ಲಿ ನೀರು ಸೇದಿದವರಿಗೆ ಇದು ಅನುಭವಸಿದ್ಧ ವಿಷಯ. ಸಡಿಲಬಿಟ್ಟ ಹಗ್ಗದಲ್ಲಿ ತುಂಬಿದ ಕೊಡ ಜಾರಿದಾಗ ಒಮ್ಮೆಲೇ ಬಿಗಿಹಿಡಿದರೆ ಹಗ್ಗ ಕಿತ್ತುಹೋಗುತ್ತದೆ. ಕೈಯನ್ನು ಸ್ವಲ್ಪ ಇಳಿಯಬಿಟ್ಟು ಹಿಡಿದರೆ ಕೊಡ ಉಳಿಯುತ್ತದೆ. ಕ್ರಿಕೆಟ್ ಆಟಗಾರನು ಚೆಂಡನ್ನು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವುದೂ ಇದೇ ಕಾರಣದಿಂದ. ನಾನು ಗಟ್ಟಿಯಾಗಿ ಹಿಡಿದೆನೆಂಬುದು ನನ್ನ ಸಮರ್ಥನೆಯಾಗಲಾರದು. ಅದೇ ನನ್ನ ತಪ್ಪು.

ಹಿಂದಕ್ಕೆ ಸರಿಯುವ ವಿದ್ಯೆ

ಬೆಕ್ಕು ಎದೆಪಟ್ಟಿಯಿಂದ ನುಣುಚಿಕೊಂಡುದು ಹೇಗೆ? ಇದಕ್ಕೆ ಉತ್ತರ ಅದರ ಎಲುಬುಗಳಲ್ಲಿದೆ. ನಮ್ಮ ಹೆಗಲಿನ ಅಗಲವನ್ನು ಕಾಯುವುದು ಕೊರಳೆಲುಬು. ಅದು ಒಂದು ಕಡೆ ಎದೆಯ ನಡುವಿನ ಎಲುಬಿಗೂ ಇನ್ನೊಂದು ಕಡೆ ಹೆಗಲಿಗೂ ಅಡ್ಡದಂಡದಂತೆ ಕೂಡಿಕೊಂಡಿದೆ. ಬೆಕ್ಕಿನ ಕೊರಳೆಲುಬಾದರೋ ಸಣ್ಣದೊಂದು ಕಡ್ಡಿ. ಅದು ಯಾವ ಎಲುಬಿಗೂ ಕೂಡಿಕೊಳ್ಳದೆ ಸ್ನಾಯುಗಳ ನಡುವೆ ಹುದುಗಿರುತ್ತದೆ. ಮುಂಗಾಲುಗಳು ದೇಹಕ್ಕೆ ಅಂಟಿಕೊಂಡಿರುವುದು ಸ್ನಾಯುಗಳಿಂದ ಮಾತ್ರ. ಆದುದರಿಂದಲೇ ಬೆಕ್ಕು ಹೆಗಲುಗಳನ್ನು ಒಂದರ ಹತ್ತಿರಕ್ಕೆ ಒಂದನ್ನು ತಂದು, ಮೈಯನ್ನು ಕಿರಿದು ಮಾಡಿಕೊಂಡು, ತಲೆ ತೂರುವ ಸಂದಿನಲ್ಲೆಲ್ಲ ಮೈಯನ್ನೂ ತೂರಿಸಬಲ್ಲದು. ಜೊತೆಗೆ ಅದರ ಚರ್ಮ ಸಡಿಲ. ಒಳಗಿನ ಮೈ ಒಂದು ಕಡೆ ಸರಿದರೂ ಹೊರಗಿನ ಚರ್ಮ ಸ್ವಲ್ಪ ದೂರ ಇನ್ನೊಂದು ಕಡೆ ಸರಿಯಬಲ್ಲದು.

ಈಗ ಹಗ್ಗದ ದಿಕ್ಕನ್ನು ಗಮನಿಸಿರಿ. ಬೆಕ್ಕು ನಮ್ಮಿಂದ ಆಚೆಗೆ ಮುಖ ಮಾಡಿ ಓಡುವಾಗ ಹಗ್ಗ ಪಟ್ಟಿಯನ್ನು ಬಾಲದ ಕಡೆಗೆ ಎಳೆಯುತ್ತದೆ. ಕಂಕುಳುಗಳು ಅದನ್ನು ತಡೆಯುತ್ತವೆ, ಪಟ್ಟಿ ಬಿಗಿಯಾಗುತ್ತದೆ. ಆದರೆ ಬೆಕ್ಕು ತಿರುಗಿ ನಮ್ಮ ಕಡೆಗೆ ಮುಖ ಮಾಡಿ ಹಿಂದಕ್ಕೆ ಸರಿದಾಗ ಅದೇ ಹಗ್ಗ ಪಟ್ಟಿಯನ್ನು ತಲೆಯ ಕಡೆಗೆ ಎಳೆಯುತ್ತದೆ. ಅಲ್ಲಿ ತಡೆಯುವಂಥದೇನೂ ಇಲ್ಲ. ಮೈ ತೆಳ್ಳಗಾಗುತ್ತದೆ, ಮೊಣಕೈಗಳು ಹೊರಬರುತ್ತವೆ, ಅಂಗಿ ಕಳಚಿದಂತೆ ಪಟ್ಟಿ ಕಳಚಿ ಬೀಳುತ್ತದೆ. ನಾವು ಹೆಚ್ಚು ಬಲದಿಂದ ಎಳೆದಷ್ಟೂ ಬೆಕ್ಕಿಗೆ ಕಳಚಿಕೊಳ್ಳುವ ಕೆಲಸ ಸುಲಭವಾಗುತ್ತದೆ. ಅಂಥ ಸಮಯದಲ್ಲಿ ಹಗ್ಗವನ್ನು ಸಡಿಲಿಸಿ ಬೆಕ್ಕಿನ ಕಡೆಗೆ ನಾವೇ ಒಂದು ಹೆಜ್ಜೆ ಹೋಗುವುದು ಸರಿಯಾದ ಕ್ರಮ.

ಹಗ್ಗವನ್ನು ಎದೆಪಟ್ಟಿಯ ಬದಲು ಬರಿಯ ಕೊರಳಪಟ್ಟಿಗೆ ಕಟ್ಟುವುದಂತೂ ಕೂಡದು. ಮೇಲೆ ಹೇಳಿದ ಬಲವೆಲ್ಲ ಆಗ ಶ್ವಾಸನಾಳದ ಮೇಲೆ ಬೀಳುತ್ತದೆ.

ಬೀಳುವ ಬೆಕ್ಕಿಗೆ ಹಗ್ಗವೇ ಶತ್ರು

ಬೆಕ್ಕನ್ನು ಹೇಗೆ ಬೀಳಿಸಿದರೂ ಕಾಲೂರಿಯೇ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ವಿದ್ಯುತ್ಕಾಂತ ಸಿದ್ಧಾಂತದ ಕರ್ತೃವಾದ ಮ್ಯಾಕ್ಸ್‌ವೆಲ್ಲನೂ ಇದರಲ್ಲಿ ಆಸಕ್ತನಾಗಿದ್ದನು. ಕೇಂಬ್ರಿಜ್ಜಿನಲ್ಲಿ ತಾನು ಕಿಟಕಿಗಳಿಂದ ಬೆಕ್ಕುಗಳನ್ನು ಎಸೆಯುತ್ತಿದ್ದನೆಂಬ ಕತೆ ಹಬ್ಬಿದೆಯೆಂದೂ, ನಿಜವಾಗಿ ತಾನು ನೋಡಿದುದು ಮೇಜು ಅಥವಾ ಹಾಸಿಗೆಯ ಮೇಲೆ ಎರಡು ಅಂಗುಲ ಎತ್ತರದಿಂದ ಬಿಟ್ಟಾಗ ಬೆಕ್ಕು ಎಷ್ಟು ಬೇಗ ತಿರುಗುತ್ತದೆ ಎಂಬುದನ್ನೆಂದೂ ಆತ 1870ರಲ್ಲಿ ಪತ್ನಿಗೆ ಬರೆದನು. 1894ರಲ್ಲಿ ಫ್ರಾನ್ಸ್ ದೇಶದ ಮಾರೇ ಎಂಬ ವಿಜ್ಞಾನಿ ಬೀಳುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದಾಗಿ ತೆಗೆದು ಪ್ರಕಟಿಸಿದಾಗ ಪಂಡಿತರು ಬೆರಗಾದರು. ಹೊರಗಿನ ಆಧಾರವಿಲ್ಲದೆ ಯಾವ ವಸ್ತುವೂ ತನ್ನ ಕೋನೀಯ ಸಂವೇಗವನ್ನು ಬದಲಾಯಿಸಿಕೊಳ್ಳಲಾರದಷ್ಟೆ. ಹಾಗಾದರೆ ಬೆಕ್ಕು ತಿರುಗುವುದು ಹೇಗೆ? ಅದು ನಡುವಿನಲ್ಲಿ ಮೈಯನ್ನು ಬಗ್ಗಿಸಿ, ಮುಂಭಾಗವನ್ನೂ ಹಿಂಭಾಗವನ್ನೂ ಬೇರೆ ಬೇರೆಯಾಗಿ ತಿರುಚಿ, ಒಟ್ಟು ಸಂವೇಗ ಸೊನ್ನೆಯಾಗಿಯೇ ಇರುವಂತೆ ನೋಡಿಕೊಂಡು ಮಗ್ಗುಲು ಬದಲಾಯಿಸುತ್ತದೆ. ಇದರ ಗಣಿತವನ್ನು 1969ರಲ್ಲಿ ಕೇನ್ ಮತ್ತು ಶೆರ್ ಎಂಬವರು ವಿವರವಾಗಿ ಬಿಡಿಸಿ ತೋರಿಸಿದರು.

1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದು ಚಿಕಿತ್ಸೆಗೆ ಬಂದ 132 ಬೆಕ್ಕುಗಳ ವಿಷಯವನ್ನು ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವು. ಆಸ್ಪತ್ರೆಯನ್ನು ತಲುಪದೆ ಸತ್ತ ಬೆಕ್ಕುಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ಬದುಕಿದವುಗಳಿಗೂ ಎದೆ, ದವಡೆ, ಕಾಲುಗಳ ಪೆಟ್ಟು ತಪ್ಪಲಿಲ್ಲ. ಆದರೂ ಬೆಕ್ಕಿನ ಈ ವಿದ್ಯೆ ದೊಡ್ಡದೇ ಸರಿ.

ಆದರೆ ಈ ವಿದ್ಯೆಗೆ ಒಂದು ನಿಬಂಧನೆಯುಂಟು: ಪತನ ಸ್ವತಂತ್ರವಾಗಿರಬೇಕು. ಬೆನ್ನಿಗೆ ಹಗ್ಗ ಕಟ್ಟಿದೊಡನೆಯೇ ಹೊರಗಿನ ಬಲವೊಂದು ಒದಗಿತು, ಲೆಕ್ಕವೆಲ್ಲ ಕೆಟ್ಟಿತು. ಬಾಲ್ಕನಿಯ ಕಂಬಿಗೆ ಹಗ್ಗ ಕಟ್ಟಿ, 'ಬೆಕ್ಕು ಬಿಸಿಲು ಕಾಯಲಿ' ಎಂದು ಬಿಟ್ಟುಹೋಗುವವರುಂಟು. ಬೆಕ್ಕು ಕಂಬಿಯ ಮೇಲಿನಿಂದ ಆಚೆಗೆ ನೆಗೆದು 1.2 ಮೀಟರು ಕೆಳಗೆ ಬಿದ್ದಾಗ ಹಗ್ಗ ಮುಗಿಯಿತೆನ್ನಿ. 5 ಸೆಂಟಿಮೀಟರಿನಲ್ಲಿ ಅದು ನಿಲ್ಲಬೇಕಾದರೆ ಮೈಮೇಲೆ ಬೀಳುವ ಸರಾಸರಿ ಬಲ ಮತ್ತೆ ಅದರ ತೂಕದ ಇಪ್ಪತ್ತೈದರಷ್ಟು. ಬಳಿಕ ಅದು ತೂಗುತ್ತ ಒದ್ದಾಡುತ್ತದೆ; ಒದ್ದಾಟದಲ್ಲಿ ಪಟ್ಟಿ ಮೇಲಕ್ಕೆ ಸರಿದು ಕೊರಳಿಗೆ ಬಿಗಿಯುತ್ತದೆ, ಅಥವಾ ಕಳಚಿ ಬೆಕ್ಕು ಕೆಳಕ್ಕೆ ಬೀಳುತ್ತದೆ. ಮರ, ಕಾಂಪೌಂಡು ಗೋಡೆ, ತಂತಿಬೇಲಿಗಳೂ ಇದೇ ಅಪಾಯವನ್ನು ತರುತ್ತವೆ. ಆದುದರಿಂದ ಹಗ್ಗ ಹಾಕಿದ ಬೆಕ್ಕನ್ನು ಮರ ಹತ್ತಲು ಬಿಡಬಾರದು. ಯಾವುದಕ್ಕೂ ಕಟ್ಟಿ ಒಂಟಿಯಾಗಿ ಬಿಟ್ಟುಹೋಗಬಾರದು. ಪ್ರಾಣಿಯನ್ನು ತೀರ ಗಿಡ್ಡವಾದ ಇಲ್ಲವೆ ತೀರ ಭಾರವಾದ ಹಗ್ಗ ಸರಪಳಿಗಳಲ್ಲಿ ಯುಕ್ತವಲ್ಲದಷ್ಟು ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ ಪ್ರಕಾರ ಅಪರಾಧವೂ ಹೌದು.

ನಮಗೆ ಕೇಳಿಸದ ಸದ್ದುಗಳು

ಚುಕ್ಕಿಯನ್ನು ಬೆದರಿಸಿದ್ದು ಟ್ಯಾಂಕರಿನ ಬ್ರೇಕಿನ ಗಾಳಿ. ನನಗೆ ಅದು ಸಾಧಾರಣವಾದ ಸದ್ದು. ಬೆಕ್ಕಿಗೆ ಹಾಗಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದಗಳನ್ನು ಗ್ರಹಿಸುತ್ತದೆ. ಬೆಕ್ಕಿನ ಕಿವಿ ಸುಮಾರು 48 ಕಂಪನಗಳಿಂದ 85,000 ಕಂಪನಗಳವರೆಗೂ ಗ್ರಹಿಸುತ್ತದೆಯೆಂದು 1985ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಇಲಿಮರಿಗಳ ಕೀಚಲು ದನಿ ನಮಗೆ ಕೇಳಿಸದ ಈ ವಲಯದಲ್ಲಿದೆ. ಅದನ್ನು ಕೇಳುವುದಕ್ಕಾಗಿಯೇ ಬೆಕ್ಕಿನ ಕಿವಿ ಹದಗೊಂಡಿದೆ ಎನ್ನಬಹುದು. ಒತ್ತಿ ತುಂಬಿದ ಗಾಳಿ ಸಣ್ಣ ರಂಧ್ರದಿಂದ ನುಗ್ಗುವಾಗ, ಲೋಹಕ್ಕೆ ಲೋಹ ತಿಕ್ಕುವಾಗ, ಕಲ್ಲು ಕೊಯ್ಯುವ ಯಂತ್ರ ತಿರುಗುವಾಗ ನಮಗೆ ಕೇಳಿಸುವ ಶಬ್ದದ ಜೊತೆಗೆ ಶ್ರವಣಾತೀತ ಶಬ್ದವೂ ಹೊರಡುತ್ತದೆ. ಇಂಥ ಶಬ್ದ ಗಾಳಿಯಲ್ಲಿ ಬಹುದೂರ ಸಾಗದೆ ಬೇಗ ಕ್ಷೀಣಿಸುತ್ತದೆ. ಮೂರನೆಯ ಅಂತಸ್ತಿನ ಕಿಟಕಿಯ ಹಿಂದೆ ಕುಳಿತ ಬೆಕ್ಕಿಗೆ ಅದು ತಲುಪದೆ ಇರಬಹುದು; ಗೇಟಿನ ಬಳಿ ನಿಂತ ಬೆಕ್ಕಿಗೆ ಮೈಮೇಲೆಯೇ ಎರಗುತ್ತದೆ. ಕಿಟಕಿಯಲ್ಲಿ ಧೈರ್ಯವಾಗಿ ಕುಳಿತಿದ್ದ ಬೆಕ್ಕು ರಸ್ತೆಯಲ್ಲಿಯೂ ಧೈರ್ಯವಾಗಿರುತ್ತದೆಂದು ಎಣಿಸಬಾರದು.

ಬೆದರಿಕೆಯ ಚಿಹ್ನೆಗಳನ್ನು ಮೊದಲೇ ಗುರುತಿಸಬಹುದು. ಕಿವಿಗಳು ಚಪ್ಪಟೆಯಾಗಿ ತಲೆಗೆ ಅಂಟಿಕೊಳ್ಳುತ್ತವೆ. ಕಣ್ಣಿನ ಪಾಪೆ ಹಿಗ್ಗುತ್ತದೆ. ಹೊಟ್ಟೆ ನೆಲಕ್ಕೆ ತಾಗುವಂತೆ ಬೆಕ್ಕು ಕುಗ್ಗುತ್ತದೆ. ಎಷ್ಟೋ ವೇಳೆ ಅದು ಅಲುಗದೆ ಕಲ್ಲಿನಂತೆ ಕುಳಿತುಬಿಡುತ್ತದೆ. 'ನೋಡಿ, ಎಷ್ಟು ಸಾಧುವಾಗಿ ಕುಳಿತಿದೆ' ಎಂದು ನಾವು ಮೆಚ್ಚುತ್ತೇವೆ. ಅದು ಸಾಧುತನವಲ್ಲ, ಭಯ.

ನೆಲ, ನಾಯಿ, ನಂಜು

ಬೇಸಗೆಯ ನಡುಹಗಲಿನಲ್ಲಿ ಗಾಳಿಯ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್ ಇದ್ದರೂ ಬಿಸಿಲಿಗೆ ಬಿದ್ದ ಡಾಂಬರು ರಸ್ತೆ 60 ಡಿಗ್ರಿಯನ್ನು ಮುಟ್ಟಬಹುದು. ಕಪ್ಪು ಮೈ ಬಿಸಿಲನ್ನು ಹೆಚ್ಚಾಗಿ ಹೀರುವುದೇ ಇದಕ್ಕೆ ಕಾರಣ. ನಾವು ಚಪ್ಪಲಿ ಮೆಟ್ಟಿರುತ್ತೇವೆ, ನಮ್ಮ ಮುಖ ನೆಲದಿಂದ ಒಂದೂವರೆ ಮೀಟರು ಮೇಲಿರುತ್ತದೆ. ಬೆಕ್ಕಿನ ಪಾದ ಬರಿಯದು; ಮೈ ನೆಲದಿಂದ ಒಂದು ಗೇಣು ಮೇಲೆ, ನೆಲಕ್ಕೆ ಹತ್ತಿದ ಕಾದ ಗಾಳಿಯಲ್ಲಿಯೇ ಇರುತ್ತದೆ. ಅದು ಬೆವರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ ಮಾತ್ರ. ಅಂಗೈಯ ಹಿಂಭಾಗವನ್ನು ನೆಲದ ಮೇಲಿಟ್ಟು ನಿಧಾನವಾಗಿ ಏಳರವರೆಗೆ ಎಣಿಸಿ ನೋಡಿರಿ. ಅಷ್ಟರಲ್ಲಿ ಕೈ ತೆಗೆಯಬೇಕೆನಿಸಿದರೆ ಆ ನೆಲ ಬೆಕ್ಕಿಗೆ ತಕ್ಕುದಲ್ಲ.

ಬೀದಿನಾಯಿಗಳ ವಿಷಯಕ್ಕೆ ಬರೋಣ. ಸೆಕೆಂಡಿಗೆ 10 ಮೀಟರಿನಂತೆ ಓಡುವ ನಾಯಿ 20 ಮೀಟರನ್ನು ಎರಡು ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಬಗ್ಗಿ ಬೆಕ್ಕನ್ನು ಎತ್ತಿ ಚೀಲಕ್ಕೆ ಹಾಕಲು ನಮಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಹಗ್ಗವಿಲ್ಲದ ಬೆಕ್ಕು ಅಷ್ಟರಲ್ಲಿ ಗೋಡೆಯ ಮೇಲಿರುತ್ತಿತ್ತು. ಎತ್ತಿಕೊಂಡರೂ ಅಪಾಯ ತಪ್ಪಲಿಲ್ಲ. ಬೆದರಿದ ಬೆಕ್ಕು ಒಡೆಯನನ್ನೇ ಮರವೆಂದು ಭಾವಿಸಿ ಮುಖ, ಕೊರಳುಗಳನ್ನು ಹತ್ತುತ್ತದೆ, ಕಚ್ಚುತ್ತದೆ. ಬೆಕ್ಕಾಗಲಿ ನಾಯಿಯಾಗಲಿ ಕಚ್ಚಿ ಪರಚಿದ ಗಾಯವನ್ನು ಕೂಡಲೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಬಳಿಕ ಅದು ಬಹುತೇಕ ಖಂಡಿತವಾಗಿ ಪ್ರಾಣಾಂತಕ. ಮೊದಲೇ ಲಸಿಕೆ ಪಡೆದರೆ ತಡೆಯಬಹುದು. ಈ ಮಾತಿನಲ್ಲಿ ಉದಾಸೀನ ಸಲ್ಲದು.

ದೇವನಹಳ್ಳಿಯ ಸುತ್ತಣ ಸೀಮೆ ಚಕ್ಕೋತಕ್ಕೂ ದ್ರಾಕ್ಷಿಗೂ ಹೆಸರಾದುದು. ದ್ರಾಕ್ಷಿಗೆ ಬೂಷ್ಟು ತಗಲದಂತೆ ಔಷಧಿಗಳನ್ನು ಸಿಂಪಡಿಸುವುದು ಅನಿವಾರ್ಯ. ತೋಟದ ಅಂಚಿನ ಹುಲ್ಲಿನಲ್ಲಿ ಸುಳಿದ ಬೆಕ್ಕು ಮನೆಗೆ ಬಂದು ಮೈಯನ್ನೆಲ್ಲ ನೆಕ್ಕಿ ಶುಚಿಮಾಡಿಕೊಳ್ಳುತ್ತದೆ; ಕೂದಲಿಗೆ ಅಂಟಿದುದೆಲ್ಲ ಹೊಟ್ಟೆಗೆ ಸೇರುತ್ತದೆ. ಇಲಿಪಾಷಾಣ ತಿಂದ ಇಲಿಯೂ ಬೆಕ್ಕಿಗೆ ವಿಷವಾದೀತು. ಅಂಗಳದ ಅಲಂಕಾರಕ್ಕೆ ಬೆಳೆಸುವ ಕಣಗಿಲೆ ವಿಷದ ಗಿಡ. ಲಿಲ್ಲಿ ಹೂವಿನ ಕೆಲವು ಜಾತಿಗಳ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು. ಚಿಗಟ, ಉಣ್ಣೆಗಳಿಗೆಂದು ನಾಯಿಗೆ ಹಚ್ಚುವ ಔಷಧಿಯನ್ನು ಬೆಕ್ಕಿಗೆ ಹಚ್ಚಬಾರದು. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಪರ್ಮೆತ್ರಿನ್ ಎಂಬ ವಸ್ತು ನಾಯಿಗೆ ಒಗ್ಗಿದರೂ ಬೆಕ್ಕಿಗೆ ಮಾರಕವಾಗಬಲ್ಲದು. ಸಂಜೆಯ ಹುಲ್ಲಿನಲ್ಲಿ ನಾಗರಹಾವು, ಕೊಳಕುಮಂಡಲಗಳಿರಬಹುದು. ಅಲುಗುವುದನ್ನೆಲ್ಲ ಮುಂಗಾಲಿನಿಂದ ತಟ್ಟಿ ನೋಡುವುದು ಬೆಕ್ಕಿನ ಚಾಳಿ. ಇವುಗಳ ಜೊತೆಗೆ ಬೆಕ್ಕುಗಳ ಕರುಳಿಗೆ ತಗಲುವ ಪ್ಯಾನ್‌ಲ್ಯೂಕೋಪೀನಿಯ ಎಂಬ ಅಂಟುರೋಗದ ವೈರಸ್ಸು ಮಣ್ಣಿನಲ್ಲಿಯೂ ನೆಲದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ಇದಕ್ಕೂ ರೇಬೀಸಿಗೂ ಲಸಿಕೆಗಳುಂಟು. ಅವನ್ನು ಹಾಕಿಸದೆ ಬೆಕ್ಕನ್ನು ಹೊರಗೆ ಒಯ್ಯಲೇಬಾರದು.

ಹಾಗಾದರೆ ಬೆಕ್ಕು ಸೆರೆಯಲ್ಲಿರಬೇಕೆ?

ಇಷ್ಟನ್ನು ಓದಿದವರು ಈ ಪ್ರಶ್ನೆಯನ್ನು ಕೇಳುವುದು ನ್ಯಾಯವೇ. ಒಂದೇ ಕೋಣೆಯಲ್ಲಿ ಮಾಡಲು ಕೆಲಸವಿಲ್ಲದೆ ಬಿದ್ದಿರುವ ಬೆಕ್ಕು ಕೊಬ್ಬುತ್ತದೆ, ಬೇಸರದಿಂದ ಕೆಡುತ್ತದೆ. ಅದನ್ನು ಹಿಂದಿನಂತೆ ಸ್ವೇಚ್ಛೆಯಾಗಿ ಬಿಡೋಣವೆಂದರೆ ರಸ್ತೆಯ ವಾಹನಗಳುಂಟು. ಹಕ್ಕಿಗಳ ಗತಿಯನ್ನೂ ನೋಡಬೇಕು. ಅಮೆರಿಕ ಸಂಯುಕ್ತ ಸಂಸ್ಥಾನವೊಂದರಲ್ಲಿಯೇ ಹೊರಗೆ ತಿರುಗುವ ಬೆಕ್ಕುಗಳಿಂದ ವರ್ಷಕ್ಕೆ 130 ಕೋಟಿಯಿಂದ 400 ಕೋಟಿಯವರೆಗೆ ಹಕ್ಕಿಗಳು ಸಾಯುತ್ತವೆಂದು 2013ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಆದುದರಿಂದ ಎದೆಪಟ್ಟಿಯನ್ನು ಸಂಪೂರ್ಣವಾಗಿ ತಳ್ಳಿಹಾಕಬೇಕಾಗಿಲ್ಲ. ಅದರ ಮಿತಿಯನ್ನು ಅರಿತು ಬಳಸಬೇಕು.

ಮೊದಲನೆಯದಾಗಿ, ಅಭ್ಯಾಸ ಮನೆಯೊಳಗೆ ಆಗಬೇಕು. ಪಟ್ಟಿಯನ್ನು ಬೆಕ್ಕು ಮಲಗುವ ಕಡೆ ಕೆಲವು ದಿನ ಇಟ್ಟು, ಆಮೇಲೆ ಕೆಲವು ನಿಮಿಷ ತೊಡಿಸಿ, ಇಷ್ಟವಾದ ತಿಂಡಿ ಕೊಟ್ಟು, ವಾರಗಟ್ಟಲೆ ಹೀಗೆ ನಡೆಸಬೇಕು. ಪಟ್ಟಿ ತೊಟ್ಟು ಮನೆಯಲ್ಲಿ ಸಲೀಸಾಗಿ ಆಡದ ಬೆಕ್ಕು ಹೊರಗೆ ಹೋಗಲು ಸಿದ್ಧವಾಗಿಲ್ಲ. ಕೆಲವು ಬೆಕ್ಕುಗಳು ಎಂದಿಗೂ ಒಪ್ಪುವುದಿಲ್ಲ, ಅವನ್ನು ಬಲವಂತಪಡಿಸಬಾರದು.

ಎರಡನೆಯದು ಪಟ್ಟಿಯ ಅಳತೆ. ಪಟ್ಟಿಗೂ ಮೈಗೂ ನಡುವೆ ಒಂದು ಅಥವಾ ಎರಡು ಬೆರಳು ಮಾತ್ರ ತೂರಬೇಕು. ತೆಳುದಾರದಂಥ ಪಟ್ಟಿಗಿಂತ ಎದೆಯನ್ನೆಲ್ಲ ಮುಚ್ಚುವ ಅಂಗಿಯಂಥ ಪಟ್ಟಿ ಮೇಲು. ಬಲ ಹೆಚ್ಚು ವಿಸ್ತೀರ್ಣಕ್ಕೆ ಹಂಚಿಹೋಗಿ ಒತ್ತಡ ತಗ್ಗುತ್ತದೆ. ಹಗ್ಗದಲ್ಲಿ ಹಿಗ್ಗುವ ಭಾಗವೊಂದಿದ್ದರೆ ಸೆಳೆತ ಇಳಿಯುತ್ತದೆ. ತಾನೇ ಸುತ್ತಿಕೊಳ್ಳುವ ಉದ್ದನೆಯ ಹಗ್ಗ ಬೇಡ; ಬೆಕ್ಕಿಗೆ ಓಡುವ ಜಾಗ ಹೆಚ್ಚಿದಷ್ಟೂ ಅದರ ವೇಗ ಹೆಚ್ಚುತ್ತದೆ. ಕೈಯಿಂದ ಜಾರಿದರಂತೂ ಅದರ ಹಿಡಿಕೆ ನೆಲದ ಮೇಲೆ ಸದ್ದುಮಾಡುತ್ತ ಬೆಕ್ಕನ್ನೇ ಬೆನ್ನಟ್ಟುತ್ತದೆ.

ಮೂರನೆಯದು ಸ್ಥಳ ಮತ್ತು ವೇಳೆ. ರಸ್ತೆಯ ಬದಿಯಲ್ಲ, ಗೋಡೆಯಿಂದ ಸುತ್ತುವರಿದ, ನಾಯಿ ಬಾರದ ಅಂಗಳ. ಬೆಳಗಿನ ತಂಪುಹೊತ್ತು. ಹತ್ತು ನಿಮಿಷ ಸಾಕು. ಬೆಕ್ಕನ್ನು ಮುಚ್ಚಳವಿರುವ ಬುಟ್ಟಿಯಲ್ಲಿಟ್ಟು ಒಯ್ದು, ಬುಟ್ಟಿಯ ಬಾಗಿಲನ್ನು ತೆರೆದು ಪಕ್ಕದಲ್ಲಿಯೇ ಇಟ್ಟುಕೊಂಡಿರಬೇಕು. ಆಗ ಹೆದರಿದ ಬೆಕ್ಕಿಗೆ ಹೊಗಲು ಒಂದು ಸಂದು ದೊರೆಯುತ್ತದೆ. ಹಗ್ಗ ಕಿತ್ತುಕೊಂಡ ಮೂರು ಉಪಾಯಗಳಲ್ಲಿ ಒಂದನ್ನಾದರೂ ಅದಕ್ಕೆ ಹಿಂದಿರುಗಿಸಿದಂತಾಯಿತು. ಮನೆಯ ಬಾಗಿಲಿನಿಂದ ತಾನಾಗಿ ನಡೆದು ಹೋಗಲು ಬಿಟ್ಟರೆ ಬಾಗಿಲು ತೆರೆದಾಗಲೆಲ್ಲ ಹೊರಗೆ ನುಗ್ಗುವ ಚಟ ಅಂಟಿಕೊಳ್ಳುತ್ತದೆ. ಬುಟ್ಟಿಯಿಂದ ಈ ತೊಂದರೆಯೂ ತಪ್ಪುತ್ತದೆ. ಕೊರಳಿಗೆ, ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ನಿಮ್ಮ ದೂರವಾಣಿ ಸಂಖ್ಯೆಯನ್ನು ಬರೆದು ಹಾಕಿರಿ.

ಇವುಗಳಿಗೆಲ್ಲ ಬಿಡುವಿಲ್ಲದವರಿಗೆ ಸುಲಭವಾದ ಇನ್ನೊಂದು ದಾರಿಯಿದೆ. ಬಾಲ್ಕನಿಗೆ ಗಟ್ಟಿಯಾದ ಬಲೆ ಹಾಕಿಸಿ, ಒಂದೆರಡು ಹಲಗೆಗಳನ್ನು ಮೆಟ್ಟಿಲಿನಂತೆ ಎತ್ತರದಲ್ಲಿ ಹೊಡೆಸಿ, ಕುಂಡದಲ್ಲಿ ಗೋಧಿಯ ಹುಲ್ಲು ಬೆಳೆಸಿರಿ. ಗಾಳಿ, ಬಿಸಿಲು, ಹಕ್ಕಿಯ ನೋಟ ಎಲ್ಲವೂ ಅಲ್ಲಿಯೇ ದೊರೆಯುತ್ತವೆ. ಏರುವುದಕ್ಕೂ ಅಡಗುವುದಕ್ಕೂ ಬೆಕ್ಕಿಗೆ ಸ್ವಾತಂತ್ರ್ಯವಿರುತ್ತದೆ.

ನಮ್ಮ ಮನೆಯಲ್ಲಿ ಈಗ ಮಾಡಿರುವುದು ಇದನ್ನೇ. ಚುಕ್ಕಿ ಎಲ್ಲಕ್ಕಿಂತ ಮೇಲಿನ ಹಲಗೆಯನ್ನು ಆರಿಸಿಕೊಂಡಿದೆ. ಗೇಟಿಗೆ ಟ್ಯಾಂಕರು ಬಂದಾಗ ಅದು ಕಿವಿಯನ್ನು ಆ ಕಡೆಗೆ ತಿರುಗಿಸುತ್ತದೆ. ಆದರೆ ಹಲಗೆಯಿಂದ ಇಳಿಯುವುದಿಲ್ಲ. ಎದೆಪಟ್ಟಿಯನ್ನು ಮಗಳು ಮೊಳೆಗೆ ತೂಗುಹಾಕಿದ್ದಾಳೆ. ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಸಂಕ್ಷೇಪವಾಗಿ ಹೇಳುವುದಾದರೆ ಇಷ್ಟೆ: ಹಗ್ಗದಿಂದ ಹಿಡಿಯಬಹುದಾದುದು ಬೆಕ್ಕಿನ ಮೈಯನ್ನು; ಅದರ ಭಯವನ್ನಲ್ಲ. ಬೆಕ್ಕಿಗೆ ಭಯವಾಗದಂಥ ಸ್ಥಳವನ್ನು ಮೊದಲು ಹುಡುಕಿ, ಆಮೇಲೆ ಹಗ್ಗದ ಯೋಚನೆ ಮಾಡಬೇಕು.